ತಾಡಪತ್ರಿಯ ಕೆಳಗಿನ ಕಾರು

ನನ್ನ ಸಿಟ್ಟು ಎಂಥದ್ದೆಂದು ನಮ್ಮ ಓಣಿಯ ನಾಯಿಗಳಿಗೂ ಗೊತ್ತು. ಬಸವಕಲ್ಯಾಣದ ಆ ಇಕ್ಕಟ್ಟಿನ ಓಣಿಯಲ್ಲಿ ನಾನು ಗೇಟು ತೆಗೆದ ಸದ್ದಾದರೆ ಸಾಕು, ಅವು ಎದ್ದು ಆಚೆ ಮನೆಯ ಕಟ್ಟೆಗೆ ಹೋಗಿ ಮಲಗುತ್ತವೆ. ಮೋರಖಂಡಿಯ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಸಿಟ್ಟಿಲ್ಲದೆ ಅರವತ್ತು ಮಕ್ಕಳನ್ನು ಕೂಡಿಸಲು ಆಗುವುದಿಲ್ಲ ಎಂಬುದು ನನ್ನ ಸಮಜಾಯಿಷಿ. ಆದರೆ ಮನೆಯಲ್ಲಿರುವುದು ಒಬ್ಬರೇ, ಮತ್ತು ಅವರು ಕೂತಲ್ಲಿಂದ ಏಳುವವರಲ್ಲ.

ನಮ್ಮ ಮನೆಯವರು ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕರು. ದನಿ ಎತ್ತಿ ಮಾತನಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅವರು ನನ್ನನ್ನು ಬೈಯುತ್ತಿದ್ದದ್ದು ಒಂದೇ ಒಂದು ವಿಷಯಕ್ಕೆ: ಕಾರಿನ ಬಾಗಿಲು. ನಾನು ಅದನ್ನು ಧಡ್ ಎಂದು ಹಾಕುತ್ತಿದ್ದೆ. "ಮೆಲ್ಲಕ ಹಾಕು ಅಂತ ಎಷ್ಟು ಸಲ ಹೇಳಲಿ? ಅದೇನು ನಿಮ್ಮ ಶಾಲೀ ಕಪಾಟೇನು?" ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳದವಳಂತೆ ಹೋಗಿಬಿಡುತ್ತಿದ್ದೆ, ಮರುದಿನ ಮತ್ತೆ ಹಾಗೆಯೇ ಹಾಕುತ್ತಿದ್ದೆ. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಆಮೇಲೆ ಕಾರು ನಿಂತಿತು, ಅದರ ಜೊತೆಗೆ ಆ ಬೈಗುಳವೂ ನಿಂತಿತು.

ನಿಂತು ನಾಲ್ಕು ವರ್ಷವಾದ ಮೇಲೆ, ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ, ಒಬ್ಬ ಗುಜರಿಯವನು ಓಣಿಗೆ ಬಂದ. ಮನೆಯ ಪಕ್ಕದ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತ ಕಾರನ್ನು ನೋಡಿ, "ಬಾಯೋರ, ಇದನ್ನ ಕೊಡ್ತೀರೇನ್ರಿ? ನಾಳೀನೇ ಎತ್ತಿಸ್ಕೊಂಡು ಹೋಗ್ತೀನಿ" ಎಂದ. ನಾನು ಒಳಗೆ ತಿರುಗಿ ಕೇಳಿದೆ. ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಕೊಟ್ಟುಬಿಡು. ನಿಂತು ಏನ್ ಮಾಡೂದದ ಅದು?" ಎಂದರು.

ಗುಜರಿಯವನು ಆಗಲೇ ತಾಡಪತ್ರಿಯ ಹಗ್ಗ ಬಿಚ್ಚಿ ಎಳೆದಿದ್ದ. ಧೂಳು, ಇಲಿಯ ಹಿಕ್ಕೆ, ಚಪ್ಪಟೆಯಾದ ಟಯರು ಇವೆಲ್ಲ ಕಾಣುತ್ತವೆಂದು ನಾನು ಮೂಗಿಗೆ ಸೆರಗು ಹಿಡಿದುಕೊಂಡು ನಿಂತಿದ್ದೆ. ಆದರೆ ಗಾಜಿನ ಮೇಲೆ ಬೆರಳಿಗೆ ಹತ್ತುವಷ್ಟೂ ಧೂಳಿರಲಿಲ್ಲ. ನಾಲ್ಕೂ ಚಕ್ರಗಳಲ್ಲಿ ಗಾಳಿ ತುಂಬಿತ್ತು. ಹಿಂದಿನ ಸೀಟಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು, ಅದರ ಪಕ್ಕದಲ್ಲಿ ಹಳೆಯ ಲುಂಗಿ ಹರಿದು ಮಾಡಿದ ಒರೆಸುವ ಬಟ್ಟೆ, ನೀಟಾಗಿ ಮಡಿಸಿಟ್ಟದ್ದು. ಅವರಿಗೆ ವಾರದ ರಜೆ ಬುಧವಾರ. ಬುಧವಾರ ನಾನು ಶಾಲೆಯಲ್ಲಿರುತ್ತೇನೆ. ನಾಲ್ಕು ವರ್ಷದ ಎಲ್ಲ ಬುಧವಾರಗಳಲ್ಲಿ ಈ ಮನುಷ್ಯ ಏನು ಮಾಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಗುಜರಿಯವನನ್ನು ಬೈದು ಕಳಿಸಿದೆ. ಪಾಪ, ಆತನದೇನೂ ತಪ್ಪಿರಲಿಲ್ಲ.

ಕಾರು ನಿಂತ ಕಥೆಯನ್ನು ನಾನು ನಾಲ್ಕು ವರ್ಷ ಕೇಳಿದವರಿಗೆಲ್ಲ ಹೇಳಿದ್ದೆ. ಕೇಳದವರಿಗೂ ಹೇಳಿದ್ದೆ. ಮಾಣಿಕನಗರದಲ್ಲಿ ನನ್ನ ಅಣ್ಣನ ಮಗನ ಮದುವೆ. ಮೆರವಣಿಗೆಗೆ ಅಣ್ಣ ಬಾಡಿಗೆಯ ಗಾಡಿ ಹೇಳಿದ್ದ. ನಾನು ಹಟ ಹಿಡಿದೆ. "ಸ್ವಂತ ಅತ್ತೀ ಗಾಡಿ ಬಾಗಲದಾಗ ನಿಂತಿರಬೇಕಾದ್ರ ನನ್ನ ಅಳಿಯ ಬಾಡಗೀ ಗಾಡ್ಯಾಗ ಕೂಡೂದೇನು?" ನಮ್ಮ ಕಡೆ ಮದುವೆಯಲ್ಲಿ ಸೋದರತ್ತೆ ಹಟ ಹಿಡಿದರೆ ಅದಕ್ಕೆ ಎದುರು ಹೇಳುವವರಿಲ್ಲ. ಹೀಗೆ ವರ ನಮ್ಮ ಕಾರಿನಲ್ಲಿ ಕೂತ. ಮುಂದೆ ಬಾಜಾ ಬಜಂತ್ರಿ, ಕಾರಿನ ಮೂತಿಗೆ ಚೆಂಡು ಹೂವಿನ ದಪ್ಪ ಹಾರಗಳು, ಎರಡೂ ಕಡೆಯಿಂದ ಗುಲಾಬಿ ಬಣ್ಣದ ಗುಲಾಲು ಪುಡಿ. ಎಲ್ಲರಿಗಿಂತ ಹೆಚ್ಚು ಗುಲಾಲು ಎರಚಿದವಳು ನಾನು. ಮರುದಿನ ಬೆಳಿಗ್ಗೆ ನಾನೇ ನಿಂತು ಗಾಡಿ ತೊಳೆದು ಫಳಫಳ ಮಾಡಿದೆ. ಮದುಮಕ್ಕಳನ್ನು ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಅವರು, ಅಣ್ಣ, ವೈನಿ ಹಿಂದಿನ ಜೀಪಿನಲ್ಲಿ. ನಾವು ಮತ್ತು ಮೂವರು ಹೆಂಗಸರು ಕಾರಿನಲ್ಲಿ ಮುಂದೆ ಹೊರಟೆವು.

ಬೇಸಿಗೆಯ ಬಿಸಿಲು. ಹೆದ್ದಾರಿಯಿಂದ ನಮ್ಮೂರಿಗೆ ತಿರುಗುವ ಸಸ್ತಾಪುರ ಬಂಗ್ಲಾ ಇನ್ನೂ ಮುಂದಿತ್ತು. ಮನೆಯವರು ಏನೂ ಹೇಳದೆ ಎ.ಸಿ. ಬಂದ್ ಮಾಡಿದರು. ರೇಷ್ಮೆ ಸೀರೆಯಲ್ಲಿ ಬೇಯುತ್ತಿದ್ದ ನಾನು ಕೈ ಚಾಚಿ ಮತ್ತೆ ಚಾಲೂ ಮಾಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು, ಇಂಜಿನ್ ಕೆಮ್ಮಿ ನಿಂತಿತು.

ಹಿಂದಿನ ಜೀಪು ಬಂದು ನಿಂತು ಎಲ್ಲರೂ ಇಳಿದರು. ಅಲ್ಲಿ, ಜಾಲಿಗಿಡದ ಪಕ್ಕದಲ್ಲಿ, ಹೊಸ ಸೊಸೆಯ ಎದುರು ನಾನು ಅಂದದ್ದು ಅಕ್ಷರಶಃ ನೆನಪಿದೆ. "ಇವರ ಕೈಯಾಗ ಏನ್ ಕೊಟ್ಟರೂ ಇಷ್ಟೇ. ಎದುರಿಗಿರೋ ಕಾವಿನ ಮೀಟರಿನ ಮುಳ್ಳು ನೋಡಿ ಗಾಡಿ ಹೊಡಿಯೂದು ಗೊತ್ತಿಲ್ಲ. ಇಂಜಿನ್ ಸುಟ್ಟು ಕುಂತಾರ ನೋಡ್ರಿ!" ಹೊಸ ಸೊಸೆ ನೆಲ ನೋಡುತ್ತ ನಿಂತಿದ್ದಳು. ಮನೆಯವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ನಾ ಹೊಡಿಯಂಗಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಮುಗಿಸುತ್ತಿದ್ದೆ.

ಊರಿನ ಮೆಕ್ಯಾನಿಕ್ ಬಾನೆಟ್ ತೆಗೆದು, ಇಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಹೋಗಿದೆ, ಕಾದದ್ದನ್ನು ನೋಡದೆ ಓಡಿಸಿದ್ದಾರೆ ಎಂದ. ನನಗೆ ಅಷ್ಟೇ ಬೇಕಾಗಿತ್ತು. ಅಂದಿನಿಂದ ಮನೆಯವರು ಕಾರ್ಖಾನೆಯ ಬಸ್ಸು ಹಿಡಿದರು. ಅದಕ್ಕಿಂತ ಹೆಚ್ಚಾಗಿ, ಅವರು ಯಾವುದಕ್ಕೂ ತಮ್ಮ ಮಾತು ಹೇಳುವುದನ್ನೇ ಬಿಟ್ಟರು. ಗೋಡೆಗೆ ಯಾವ ಬಣ್ಣ ಎಂದರೆ "ನಿನ್ನ ಇಷ್ಟ". ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೇ ಎಂದರೆ "ಸರಿ ಅದ". ಸರಿ ಇರಲಿಲ್ಲ. ಬಾಯಿಗಿಟ್ಟರೆ ಕಡಲು.

ಗುಜರಿಯವನು ಹೋದ ಸಂಜೆ ನಾನು ಹೇಳಿದೆ, "ಗಾಡಿ ರಿಪೇರಿ ಮಾಡ್ಸೂಣು."

"ನಿನ್ನ ಇಷ್ಟ. ಆದ್ರ ನಾ ಹೊಡಿಯಂಗಿಲ್ಲ."

ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಕಲಿಸಲು ಬಂದ ಇಬ್ಬರು ನನ್ನ ಮಾತು ಕೇಳಲಾರದೆ ಓಡಿಹೋಗಿದ್ದಾರೆ. ಇಂಜಿನ್ ಶುರುವಾದರೆ ಕೆಲಸ ಅರ್ಧ ಮುಗಿದಂತೆ, ಇವರು ಮತ್ತೆ ಸ್ಟಿಯರಿಂಗ್ ಹಿಡಿದರೇನೇ ಪೂರ್ತಿ. ಅದು ಗೊತ್ತಿದ್ದೂ ನಾನು ಹಟ ಬಿಡಲಿಲ್ಲ. ನನ್ನ ಮನೆಯಲ್ಲಿ ಮೊದಲಿನ ಮನುಷ್ಯ ಮತ್ತೆ ಬೇಕಾಗಿತ್ತು. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗೆ ಒಂದು ಗ್ಯಾರೇಜು ಇದೆ. ಅದನ್ನು ನಡೆಸುವ ಮುದುಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಬಿಳಿ ಗಡ್ಡ, ಎಣ್ಣೆ ಹಿಡಿದ ಪೈಜಾಮ, ಕಿವಿಯ ಮೇಲೆ ಪೆನ್ಸಿಲ್ಲು. ಕಾರನ್ನು ಎಳೆಸಿಕೊಂಡು ಹೋಗಿ ಅಲ್ಲಿ ಬಿಟ್ಟು, ಶನಿವಾರ ಮುಂಜಾನೆಯ ಶಾಲೆ ಮುಗಿಸಿ ನಾನು ಬಸ್ಸಿನಲ್ಲಿ ಹೋದೆ. ಅವರು ಟ್ಯಾಂಕಿನಿಂದ ಹಳೆಯ ಪೆಟ್ರೋಲು ಇಳಿಸಿ ಡಬ್ಬಿಯೊಂದರಲ್ಲಿ ಇಟ್ಟಿದ್ದರು. "ಮೂಸಿ ನೋಡ್ರಿ ಅಕ್ಕೋರ" ಎಂದರು. ಮೂಸಿದೆ. ಬಾಗಿಲಿಗೆ ಹಚ್ಚುವ ವಾರ್ನಿಷಿನ ವಾಸನೆ.

"ಹೆಡ್ ಕೆಳಗಿನ ಗ್ಯಾಸ್ಕೆಟ್ ಸುಟ್ಟದ. ಹೆಡ್ ಜರಾ ಬಾಗ್ಯದ, ಲೇತಿಗೆ ಕೊಟ್ಟು ಸಪಾಟ ಮಾಡ್ಸಬೇಕು. ಅದೇನು ದೊಡ್ಡದಲ್ಲ."

"ಹಂಗಾರ ಮಾಡಿ ಕೊಡ್ರಿ ಬೇಗ."

"ಸಬೂರ್ ಮಾಡ್ರಿ. ಯಾಕ ಕಾಯ್ತು ಅನ್ನೂದು ಗೊತ್ತಾಗೋತನಕ ನಾ ಹೆಡ್ ಕೂಡ್ಸಂಗಿಲ್ಲ. ಇಲ್ಲಂದ್ರ ನೀವು ಮನೀ ಮುಟ್ಟೂದ್ರಾಗ ಮತ್ತ ಕಾಯ್ತದ, ನೀವು ನನಗ ಬೈತೀರಿ."

ಈ ಮನುಷ್ಯನಿಗೆ ನನ್ನ ಗುಣ ಒಂದೇ ಸಲಕ್ಕೆ ಹೇಗೆ ತಿಳಿಯಿತೋ. ಯಾಕೆ ಕಾಯಿತು ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. "ನಮ್ಮ ಮನಿಯವರು ಮುಳ್ಳು ನೋಡಲಿಲ್ಲರಿ" ಎಂದೆ.

ಉಸ್ತಾದ್ ತಲೆ ಅಲ್ಲಾಡಿಸಿದರು. "ಮುಳ್ಳು ನೋಡಲಿಲ್ಲ ಅಂದ್ರ ನಿಲ್ಸೂದು ತಡ ಆಗ್ತದ. ಕಾಯೂದು ಯಾಕ ಶುರು ಆಯ್ತು? ಕಡೀ ದಿನ ಈ ಗಾಡಿಗೆ ಏನೇನಾಯ್ತು, ಮುಂಜಾನಿಂದ ಹೇಳ್ರಿ."

ಸ್ಟೂಲಿನ ಮೇಲೆ ಕೂತು ಹೇಳಲು ಶುರು ಮಾಡಿದೆ. ಮದುವೆ, ಮೆರವಣಿಗೆ, ಹಾರ, ಗುಲಾಲು. ಅವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ಗುಲಾಲು ಎಲ್ಲಿ ಬಿತ್ತು?"

"ಎಲ್ಲಾ ಕಡೆ ಬಿತ್ತು. ಮುಂದಿನ ಜಾಳಿಗೆ ಬಹಳ."

"ಆಮ್ಯಾಲ?"

"ಮರುದಿನ ತೊಳದೆ. ನಮ್ಮ ಮನಿಯವರು ಒಣ ಬ್ರಷ್‌ಲೆ ಜಾಡಿಸ್ತೀನಿ ತಡಿ ಅಂದ್ರು. ಅವರು ಯಾವಾಗ ಜಾಡಿಸಬೇಕು? ನಾನೇ ನಾಕು ಬಕೀಟ ನೀರು ರಪರಪ ಹೊಡದೆ."

ಉಸ್ತಾದ್ ಕಾರಿನ ಮುಂದೆ ಕೂತು ಬಂಪರ್ ಬಿಚ್ಚಿದರು. ಎದುರಿಗೆ ಎ.ಸಿ.ಯ ಜಾಲರಿ, ಅದು ಸ್ವಚ್ಛವಾಗಿಯೇ ಇತ್ತು. ಅದರ ಹಿಂದೆ, ಎರಡು ಬೆರಳು ಅಂತರದಲ್ಲಿ, ನೀರನ್ನು ತಣ್ಣಗೆ ಮಾಡುವ ರೇಡಿಯೇಟರ್. ಮೇಲಿನಿಂದ ನೋಡಿದರೆ ಆ ಸಂದು ಕಾಣುವುದೇ ಇಲ್ಲ. ರೇಡಿಯೇಟರನ್ನು ಹೊರಗೆಳೆದು ನೆಲದ ಮೇಲೆ ನಿಲ್ಲಿಸಿ, ಅದರ ಹಿಂದೆ ಉರಿಯುವ ಬಲ್ಬು ಹಿಡಿದರು. "ಒಳ್ಳೇ ರೇಡಿಯೇಟರ್ ಇದ್ರ ಬೆಳಕು ಈ ಕಡೆ ಬರಬೇಕು. ನೋಡ್ರಿ." ಒಂದು ಚುಕ್ಕೆ ಬೆಳಕೂ ಬರಲಿಲ್ಲ. ಕಡ್ಡಿಯಿಂದ ಕೆರೆದರು. ಗಟ್ಟಿಯಾದ ಒಂದು ಹಕ್ಕಳೆ ಕಿತ್ತು ಬಂತು. ಮೇಲೆ ಮಣ್ಣಿನ ಬಣ್ಣ. ಮುರಿದಾಗ ಒಳಗೆ ಗುಲಾಬಿ. ಅದಕ್ಕೆ ಚೆಂಡು ಹೂವಿನ ಎಸಳುಗಳು ಅಂಟಿದ್ದವು.

"ಗುಲಾಲದಾಗ ಹಿಟ್ಟಿರ್ತದ ಅಕ್ಕೋರ. ಒಣಾ ಇದ್ದಾಗ ಜಾಡಿಸಿದ್ರ ಹೋಗ್ತಿತ್ತು. ನೀರು ಬಿತ್ತು, ಮ್ಯಾಲ ಇಂಜಿನ್ ಕಾವು ಹತ್ತಿತು. ಸೀರಿಗೆ ಗಂಜಿ ಹಾಕಿದಂಗ ಆಗ್ಯದ. ಗಾಳಿ ಹೋಗಾಕ ಜಾಗಾನೇ ಇಲ್ಲ. ಯಾರು ಹೊಡದ್ರೂ, ಎಷ್ಟು ಮುಳ್ಳು ನೋಡಿದ್ರೂ, ಕಾಯ್ತಿತ್ತು."

ಬಕೆಟ್ಟಿನಲ್ಲಿ ಮುಳುಗಿಸಿದಾಗ ನೀರು ಗುಲಾಬಿಯಾಯಿತು. ಮತ್ತೆ ನೀರು ಬದಲಿಸಿದರು, ಮತ್ತೆ ಗುಲಾಬಿ. ನಾನು ಅದನ್ನೇ ನೋಡುತ್ತ ಕೂತೆ. ಆ ಎ.ಸಿ. ನೆನಪಾಯಿತು. ಅವರು ಮುಳ್ಳು ನೋಡಿದ್ದರು. ನೋಡಿದ್ದರಿಂದಲೇ ಎ.ಸಿ. ಬಂದ್ ಮಾಡಿದ್ದರು. ಚಾಲೂ ಮಾಡಿದವಳು ನಾನು. ಗುಲಾಲು ಎರಚಿದವಳು ನಾನು, ನೀರು ಸುರಿದವಳು ನಾನು, ಕಾರು ಕೊಡಲೇಬೇಕೆಂದು ಹಟ ಹಿಡಿದವಳೂ ನಾನೇ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕ್ಷಣ ನನಗೆ ಬಂದ ಮೊದಲ ಯೋಚನೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಉಸ್ತಾದರಿಗೆ ಹೇಳುವುದು. ಬಾಯಿ ತೆರೆದಿದ್ದೆ ಕೂಡ. ಅವರು ಚಹಾ ತರಿಸಿ ಲೋಟ ಮುಂದಿಟ್ಟರು, ನನ್ನ ಮುಖ ನೋಡದೆ ಕೆಲಸಕ್ಕೆ ತಿರುಗಿಕೊಂಡರು. ಅವರು ನೋಡಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಎದ್ದು ಹೊರಡುವಾಗ, "ಆ ಹಕ್ಕಳೀನ ಚೆಲ್ಲಬ್ಯಾಡ್ರಿ, ಒಂದು ಡಬ್ಬಿಯಾಗ ತಗದಿಡ್ರಿ" ಎಂದೆ.

ಮುಂದಿನ ಎರಡು ವಾರ ಮನೆಯಲ್ಲಿ ನಾನು ಸುಮ್ಮನಿದ್ದೆ. ಮನೆಯವರಿಗೆ ಗಾಬರಿಯಾಗಿ, ಜ್ವರ ಬಂದಿದೆಯೇ ಎಂದು ಕೇಳಿದರು. ಪ್ರತಿದಿನ ಹೇಳಬೇಕೆಂದುಕೊಳ್ಳುತ್ತಿದ್ದೆ, ಅವರು "ನಿನ್ನ ಇಷ್ಟ" ಎಂದು ಸುಮ್ಮನಾಗಿಬಿಟ್ಟರೆ ಎಂಬ ಅಂಜಿಕೆಗೆ ತಡೆಯುತ್ತಿದ್ದೆ.

ಹೊಸ ಬ್ಯಾಟರಿ, ಹೊಸ ಆಯಿಲ್, ಲೇತಿನಿಂದ ಸಪಾಟಾಗಿ ಬಂದ ಹೆಡ್, ಹೊಸ ಪೆಟ್ರೋಲು ಎಲ್ಲ ಕೂಡಿದ ಮೇಲೆ ಉಸ್ತಾದ್ ಫೋನ್ ಮಾಡಿದರು. ಆ ದಿನ ಮನೆಯವರದು ಮೊದಲ ಪಾಳಿ. ಪಾಳಿ ಮುಗಿಸಿ ಗ್ಯಾರೇಜಿಗೆ ಬನ್ನಿ ಎಂದೆ. ಬಂದರು, ಆದರೆ ರಸ್ತೆಯ ಅಂಚಿನಲ್ಲೇ ಚೀಲ ಹಿಡಿದು ನಿಂತರು. ಉಸ್ತಾದ್ ಕೀಲಿ ತಿರುಗಿಸಿದರು. ಮೊದಲ ಸಲ ಬರೀ ಕರಕರ. ಎರಡನೆಯ ಸಲ ಒಂದು ಬಿಕ್ಕಳಿಕೆ. ಮೂರನೆಯ ಸಲ ಇಂಜಿನ್ ಚಾಲೂ ಆಯಿತು. ಕಪ್ಪು ಹೊಗೆ ಉಗುಳಿ, ನಡುಗಿ, ಆಮೇಲೆ ಒಂದೇ ಸಮನೆ ಓಡತೊಡಗಿತು. ನನ್ನ ಕಣ್ಣು ಮಾತ್ರ ಮನೆಯವರ ಮೇಲಿತ್ತು. ಅವರು ಎರಡು ಹೆಜ್ಜೆ ಮುಂದೆ ಬಂದಿದ್ದರು. ಕಿವಿ ಆ ಕಡೆ ವಾಲಿತ್ತು.

ಉಸ್ತಾದ್ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ತಮ್ಮ ಕಿವಿಗಿಟ್ಟು ಕೇಳಿದರು. ಆಮೇಲೆ ಅದನ್ನು ಮನೆಯವರಿಗೆ ಕೊಟ್ಟು, "ಕೇಳ್ರಿ ಸಾಹೇಬ್ರ" ಎಂದರು. ಇವರು ಬಗ್ಗಿ ಬಹಳ ಹೊತ್ತು ಕೇಳಿದರು. ಇಂಜಿನ್ ಬಂದ್ ಮಾಡಿ ಉಸ್ತಾದ್ ಕೀಲಿ ಚಾಚಿದಾಗ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡರು. "ನಾ ಹೊಡಿಯಂಗಿಲ್ರಿ."

ನಾನು ಡಬ್ಬಿ ತೆಗೆದುಕೊಂಡು ಅವರ ಮುಂದೆ ಹಿಡಿದೆ.

"ಏನಿದು?"

"ಗುಲಾಲು. ರೇಡಿಯೇಟರ್ ತುಂಬ ಇದೇ ಇತ್ತು. ನಾ ಎರಚಿದ್ದು, ನಾನೇ ನೀರು ಹೊಡದು ಅಂಟಿಸಿದ್ದು. ನಿಮ್ಮಿಂದೇನೂ ಆಗಿಲ್ಲ. ನನ್ನಿಂದ ಆದದ್ದು. ತಪ್ಪು ನಂದು." ಇಷ್ಟನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿ ರೂಢಿಯಿರಲಿಲ್ಲ.

ಅವರು ಹಕ್ಕಳೆಯನ್ನು ಚಿವುಟಿ ಪುಡಿ ಮಾಡಿ ಬೆರಳಿಗೆ ಹತ್ತಿದ ಬಣ್ಣ ನೋಡಿದರು.

"ಅಂದ್ರ ಅವತ್ತು ನಾ ಮುಳ್ಳು ನೋಡಿದ್ದು ಖರೇ" ಎಂದರು.

"ನೋಡಿದ್ರಿ. ಅದಕ್ಕೇ ಎ.ಸಿ. ಬಂದ್ ಮಾಡಿದ್ರಿ."

"ನೋಡಿದ್ದೆ ಅಂತ ಮೊದಲು ಗೊತ್ತಿತ್ತು ನನಗ. ನೀ ಅಷ್ಟು ಸಲ ಹೇಳಿದ ಮ್ಯಾಲ ನೋಡಿರಲಿಕ್ಕಿಲ್ಲ ಬಿಡು ಅನ್ನಿಸ್ತು. ಕಾರ್ಖಾನ್ಯಾಗೂ ಮೀಟರ್ ಎರಡೆರಡು ಸಲ ನೋಡ್ತಿದ್ದೆ. ನನ್ನ ಕಣ್ಣ ಮ್ಯಾಲ ನನಗ ನಂಬಿಕಿ ಹೋಗಿತ್ತು."

ಸಿಟ್ಟಿನ ಮಾತು ಎಷ್ಟು ದೂರ ಹೋಗುತ್ತದೆಂದು ನನಗೆ ತಿಳಿದದ್ದು ಆ ಗ್ಯಾರೇಜಿನಲ್ಲಿ. ನಾನು ಅತ್ತುಬಿಟ್ಟೆ. ಉಸ್ತಾದ್ ಒಳಗೆ ಹೋಗಿ ಏನನ್ನೋ ಹುಡುಕುತ್ತಿರುವಂತೆ ಸದ್ದು ಮಾಡಿದರು.

ಮನೆಯವರು ಕೀಲಿ ತೆಗೆದುಕೊಂಡರು. ಕೂತು ಸೀಟು ಸರಿಸಿದರು, ಕನ್ನಡಿ ತಿರುಗಿಸಿದರು, ಆಮೇಲೆ ಮುಳ್ಳಿನ ಮೇಲೆ ಬೆರಳಿಟ್ಟು ನೋಡಿದರು.

"ಮೊದಲು ಮಾಣಿಕನಗರಕ್ಕ ನಡೀರಿ" ಎಂದೆ. "ಎಲ್ಲಾರ ಮುಂದ ಅಂದದ್ದನ್ನ ಎಲ್ಲಾರ ಮುಂದೇ ವಾಪಸ್ ತಗೋಬೇಕು."

"ಬ್ಯಾಡ ಬಿಡು. ಮುಗೀತಲ್ಲ."

"ನನಗ ಮುಗದಿಲ್ಲ. ನಡೀರಿ."

ಅಣ್ಣನ ಮನೆಯ ಅಂಗಳದಲ್ಲಿ ಎಲ್ಲರನ್ನೂ ಕೂಗಿ ಹೊರಗೆ ಕರೆದೆ. ಅಣ್ಣ, ವೈನಿ, ಅಳಿಯ, ಈಗ ಮೂರು ವರ್ಷದ ಮಗಳನ್ನು ಎತ್ತಿಕೊಂಡಿದ್ದ ಆ ಸೊಸೆ. ಡಬ್ಬಿ ತೋರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಅಣ್ಣ ಬಿದ್ದು ಬಿದ್ದು ನಕ್ಕ. ಸೊಸೆ ನಗಲಿಲ್ಲ. "ಅವತ್ತು ಮಾವನ ಮುಖ ನೋಡಿ ನನಗ ಬಹಳ ಕೆಟ್ಟ ಅನ್ನಿಸಿತ್ತು ಅತ್ತಿ. ನಾ ಹೊಸದಾಗಿ ಬಂದಾಕಿ, ಏನಂತ ಹೇಳಲಿ?" ಎಂದಳು. ಅದು ನನಗೆ ತಾಗಬೇಕಾದ ಜಾಗಕ್ಕೇ ತಾಗಿತು. ಅಷ್ಟರಲ್ಲಿ ವೈನಿ, ಗಾಡಿ ಮತ್ತೆ ಬಂತೆಂಬ ಸಂಭ್ರಮದಲ್ಲಿ ಆರತಿ ತಟ್ಟೆ ತಂದರು. ತಟ್ಟೆಯಲ್ಲಿ ಒಂದು ಬಟ್ಟಲು ಗುಲಾಲು! ನಾನು ಕೂಗುವ ಮೊದಲೇ ಮನೆಯವರು ಕಾರಿನ ಮುಂದೆ ಅಡ್ಡ ನಿಂತಿದ್ದರು. "ವೈನಿ, ಬಾನೆಟ್ ಮ್ಯಾಲ ಒಂದು ಬೊಟ್ಟು ಹಚ್ರಿ ಸಾಕು. ಇದರ ಹೊಟ್ಟಿ ಇನ್ನ ಸುಧಾರ್ಸಾಕತ್ತದ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಬಸವಕಲ್ಯಾಣದ ದಾರಿಯಲ್ಲಿ ಆ ಜಾಲಿಗಿಡ ಇನ್ನೂ ಇತ್ತು. ಅಲ್ಲಿ ಬರುವಾಗ ಅವರು ಎ.ಸಿ. ಬಂದ್ ಮಾಡಿದರು. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕಿಟಕಿ ಇಳಿಸಿದೆ. ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು. ಅದು ನಡುವಿನಲ್ಲಿ ನಿಂತದ್ದು ಮನೆ ಮುಟ್ಟುವವರೆಗೂ ಅಲ್ಲಾಡಲಿಲ್ಲ.

ಓಣಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಬೇವಿನ ಮರದ ಕೆಳಗೆ ಗಾಡಿ ನಿಂತಿತು. ಮನಸ್ಸು ಹಗುರಾಗಿ ನಾನು ಇಳಿದವಳೇ, ಹಳೆಯ ರೂಢಿಯಂತೆ ಬಾಗಿಲನ್ನು ಧಡ್ ಎಂದು ಹಾಕಿದೆ. ಕಟ್ಟೆಯ ಮೇಲಿನ ನಾಯಿ ಎದ್ದು ಕೂತಿತು.

"ಏ! ಎಷ್ಟು ಸಲ ಹೇಳಲಿ ನಿನಗ?" ಕಾರಿನ ಒಳಗಿನಿಂದ ದನಿ ಬಂತು. ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿ. "ಅದೇನು ನಿಮ್ಮ ಶಾಲೀ ಕಪಾಟೇನು?"

ಆಚೆ ಮನೆಯವರು ಹೊರಗೆ ಬಂದು ನೋಡಿದರು. ನೋಡಲಿ ಎಂದುಕೊಂಡೆ. ನಾಲ್ಕು ವರ್ಷದಿಂದ ಕೇಳಲು ಕಾದಿದ್ದ ಬೈಗುಳ ಅದು. ಬಾಗಿಲನ್ನು ಮತ್ತೆ ತೆಗೆದು, ಈ ಸಲ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಹಾಕಿದೆ.